ಮುಚ್ಚಿದ ಮನೆಯ ಗಾಳಿ

ಕಾವೂರಿನಲ್ಲಿ ಹಂಚಿನ ಮನೆಗಳು ಒಂದೊಂದಾಗಿ ಉರುಳಿ, ಅವುಗಳ ಸ್ಥಾನದಲ್ಲಿ ಕಾಂಕ್ರೀಟಿನ ಬಹುಮಹಡಿ ಗೃಹಗಳು ಏಳುತ್ತಿರುವುದು ವಾಚಕರಿಗೆ ವಿದಿತವೇ ಇದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ಈ ಜಿಲ್ಲೆಯ ಎಷ್ಟೋ ಕುಟುಂಬಗಳು ಆ ಮಾಡಿನ ಕೆಳಗೆ ಬಾಳಿದವು. ಹಂಚುಗಳ ಸಂದಿನಿಂದ ಬಿಸಿಗಾಳಿಯು ತಾನಾಗಿಯೇ ಹೊರಟುಹೋಗುತ್ತಿದ್ದಿತು. ಅದಕ್ಕೆ ಕಾಸಿನ ವೆಚ್ಚವಿರಲಿಲ್ಲ. ಒಲೆಯ ಹೊಗೆಯು ಅಂದಿನ ಗೃಹಿಣಿಯರ ಶ್ವಾಸಕೋಶಗಳನ್ನು ಕೆಡಿಸಿತೆಂಬುದೂ ನಿಜವೇ. ಹಳೆಯದನ್ನೆಲ್ಲ ಹೊಗಳುವುದು ನಮ್ಮ ಉದ್ದೇಶವಲ್ಲ.

ಇಂದು ಸೊಳ್ಳೆಯ ಭಯದಿಂದ ಕಿಟಕಿಗಳನ್ನು ಮುಚ್ಚಿ ಏರ್ ಕಂಡೀಷನರ್ ಹಾಕುವರು. ಗೋಡೆಗೆ ತಗಲಿಸುವ ಈ ಯಂತ್ರಗಳಲ್ಲಿ ಹೆಚ್ಚಿನವು ಹೊರಗಿನ ಗಾಳಿಯನ್ನು ತರುವುದಿಲ್ಲ, ಒಳಗಿನದನ್ನೇ ತಣಿಸಿ ತಿರುಗಿಸುತ್ತವೆಂಬುದನ್ನು ಕೊಂಡವರಲ್ಲಿ ಎಷ್ಟು ಮಂದಿ ಬಲ್ಲರು? ನಾಲ್ವರು ಬಿಟ್ಟ ಉಸಿರನ್ನೇ ರಾತ್ರಿಯಿಡೀ ನಾಲ್ವರೂ ಸೇವಿಸುವರು. ಹೊರಗೆ ಹತ್ತು ಲಕ್ಷಕ್ಕೆ ಸುಮಾರು 420 ಭಾಗವಿರುವ ಇಂಗಾಲಾಮ್ಲವಾಯು ಅಂತಹ ಕೋಣೆಯಲ್ಲಿ ಸಾವಿರವನ್ನು ಸುಲಭವಾಗಿ ಮೀರುವುದು. ಬೆಳಗ್ಗೆ ಮಕ್ಕಳಿಗೆ ತಲೆಭಾರ, ತಿಂಗಳ ಕೊನೆಗೆ ಯಜಮಾನನಿಗೆ ಬಿಲ್ಲಿನ ಭಾರ! ವಿದ್ಯುತ್ತಿನ ದೊಡ್ಡ ಸ್ಟೇಷನ್ನು ಕಾವೂರಿನಲ್ಲಿಯೇ ಇದೆಯೆಂದ ಮಾತ್ರಕ್ಕೆ ದರವೇನೂ ಇಳಿಯದು.

ಯಂತ್ರಗಳನ್ನು 24 ಡಿಗ್ರಿಗೆ ಹೊಂದಿಸಿಯೇ ಮಾರತಕ್ಕದ್ದೆಂದು ಕೇಂದ್ರ ಸರಕಾರವು 2020ರಲ್ಲಿ ವಿಧಿಸಿತು. ಕರೆಂಟಿನ ಉಳಿತಾಯಕ್ಕೆ ಅದು ಸರಿ, ಉಸಿರಿಗೆ ಸಾಲದು. ನಕ್ಷೆಗೆ ಮುದ್ರೆಯೊತ್ತುವ ಪಾಲಿಕೆಯ ಅಧಿಕಾರಿಗಳು ವಾಹನ ನಿಲ್ಲಿಸುವ ಸ್ಥಳವನ್ನು ಅಳೆಯುವಂತೆಯೇ, ಎದುರುಬದುರು ಕಿಟಕಿ, ಅವಕ್ಕೆ ಸೊಳ್ಳೆಬಲೆ, ಮಾಡಿನ ಬಳಿ ಗಾಳಿಗಂಡಿ ಇವೆಯೇ ಎಂಬುದನ್ನೂ ನೋಡಲಿ.