ಮರಳುವ ಅಲೆಗೊಂದು ಕೋಡಿ

ಶ್ರೀರಂಗಪಟ್ಟಣ ದಸರಾ ಮೆರವಣಿಗೆ ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವ ದಿನ ಜನಸಂದಣಿಯ ನಡುವೆ ಮೊಬೈಲುಗಳಿಗೆ ಬಿಡುವೇ ಇರುವುದಿಲ್ಲ. ಆ ಮಾತುಗಳನ್ನು ಹೊತ್ತೊಯ್ಯುವುದು ಗೋಪುರದ ಮೇಲಿನ ಆಂಟೆನಾ. ಅದಕ್ಕೆ ಶಕ್ತಿ ಒದಗಿಸುವ ಪ್ರೇಷಕ ಯಂತ್ರಕ್ಕೆ ಒಂದು ವಿಚಿತ್ರ ಅಪಾಯವಿದೆ. ಅದು ತಾನೇ ಕಳುಹಿಸಿದ ಅಲೆಯಿಂದ!

ಹಗ್ಗದ ಒಂದು ತುದಿಯನ್ನು ಗೋಡೆಯ ಮೊಳೆಗೆ ಕಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಒಮ್ಮೆ ಝಾಡಿಸಿ ನೋಡಿ. ಅಲೆ ಗೋಡೆಯವರೆಗೆ ಹೋಗಿ ಕೈಗೇ ಮರಳುತ್ತದೆ. ರೇಡಿಯೊ ಅಲೆಯ ಗುಣವೂ ಇದೇ. ಕೇಬಲ್ಲಿಗೂ ಆಂಟೆನಾಕ್ಕೂ ಸರಿಯಾದ ಹೊಂದಾಣಿಕೆ ಇದ್ದರೆ ಅಲೆಯ ಶಕ್ತಿ ಆಂಟೆನಾದಿಂದ ಹೊರಗೆ ಹರಡುತ್ತದೆ. ಆಂಟೆನಾ ಕೆಟ್ಟರೆ, ಕೇಬಲ್ಲಿನ ಜೋಡಣೆಯೊಳಗೆ ಮಳೆನೀರು ಇಳಿದರೆ, ಒಂದಷ್ಟು ಭಾಗ ಪ್ರತಿಫಲಿಸಿ ಹಿಂದಕ್ಕೆ ಬರುತ್ತದೆ. ಹೋಗುವ ಅಲೆಯೂ ಬರುವ ಅಲೆಯೂ ಕೂಡಿದ ಕಡೆ ವೋಲ್ಟೇಜು ಏರುತ್ತದೆ. ಪ್ರೇಷಕದ ಟ್ರಾನ್ಸಿಸ್ಟರು ಸುಟ್ಟುಹೋಗಲೂಬಹುದು.

ಹಾಗಾದರೆ ರಕ್ಷಣೆ ಹೇಗೆ? ಮರಳಿದ ಅಲೆಯನ್ನು ಅಡ್ಡಗಟ್ಟಿದರೆ ಅದು ಮತ್ತೆ ಪುಟಿಯುತ್ತದೆ. ಆದ್ದರಿಂದ ಅದಕ್ಕೆ ಬೇರೆ ದಾರಿ ತೋರಿಸಬೇಕು. ಈ ಕೆಲಸ ಮಾಡುವುದು 'ಸರ್ಕ್ಯುಲೇಟರ್' ಎಂಬ ಮೂರು ಬಾಗಿಲುಗಳ ಲೋಹದ ಡಬ್ಬಿ. ದೇವಸ್ಥಾನದ ಪ್ರದಕ್ಷಿಣೆಯಂತೆ ಇಲ್ಲಿ ಸಂಚಾರ ಒಂದೇ ದಿಕ್ಕಿಗೆ. ಒಂದನೆಯ ಬಾಗಿಲಲ್ಲಿ ಹೊಕ್ಕ ಅಲೆ ಎರಡನೆಯದರಲ್ಲಿ ಹೊರಬೀಳುತ್ತದೆ. ಎರಡನೆಯದರಲ್ಲಿ ಹೊಕ್ಕದ್ದು ಮೂರನೆಯದರಲ್ಲಿ. ಒಂದನೆಯದಕ್ಕೆ ಪ್ರೇಷಕ, ಎರಡನೆಯದಕ್ಕೆ ಆಂಟೆನಾ, ಮೂರನೆಯದಕ್ಕೆ ಅಲೆಯನ್ನು ಹೀರಿ ಶಾಖವಾಗಿಸುವ ರೋಧಕವನ್ನು ಜೋಡಿಸಿದರೆ ಅದೇ 'ಐಸೊಲೇಟರ್'. ಕೆರೆ ತುಂಬಿದಾಗ ಏರಿ ಒಡೆಯದಂತೆ ಹೆಚ್ಚಿನ ನೀರು ಕೋಡಿಯಲ್ಲಿ ಹರಿದುಹೋಗುತ್ತದಲ್ಲವೇ? ಮೂರನೆಯ ಬಾಗಿಲು ಅಂಥ ಕೋಡಿ.

ಆಂಟೆನಾದಿಂದ 10 ವಾಟ್ ಮರಳಿತೆನ್ನೋಣ. 20 ಡೆಸಿಬೆಲ್ ತಡೆಯುವ ಐಸೊಲೇಟರ್ ಇದ್ದರೆ ಪ್ರೇಷಕವನ್ನು ತಲುಪುವುದು ಅದರ ನೂರರಲ್ಲಿ ಒಂದು ಪಾಲು, ಅಂದರೆ 0.1 ವಾಟ್ ಮಾತ್ರ.

ಈ ಡಬ್ಬಿಗೆ ವಿದ್ಯುತ್ತು ಬೇಡ, ಒಳಗೆ ಅಲುಗಾಡುವ ಭಾಗವೂ ಇಲ್ಲ. ಇರುವುದು ಕಬ್ಬಿಣದ ಆಕ್ಸೈಡಿನಿಂದ ಮಾಡಿದ ಫೆರೈಟ್ ಬಿಲ್ಲೆ ಮತ್ತು ಶಾಶ್ವತ ಅಯಸ್ಕಾಂತ. ಅಯಸ್ಕಾಂತದ ಪ್ರಭಾವದಿಂದ ಫೆರೈಟಿನ ಎಲೆಕ್ಟ್ರಾನುಗಳು ವಾಲಿದ ಬುಗುರಿಯಂತೆ ಒಂದೇ ದಿಕ್ಕಿಗೆ ಓಲಾಡುತ್ತವೆ. ಹೀಗಾಗಿ ಬಿಲ್ಲೆಯನ್ನು ಎಡದಿಂದ ಸುತ್ತುವ ಅಲೆಗೂ ಬಲದಿಂದ ಸುತ್ತುವ ಅಲೆಗೂ ವೇಗ ಬೇರೆ. ಇವೆರಡೂ ಒಂದು ಬಾಗಿಲಲ್ಲಿ ಕೂಡಿಕೊಳ್ಳುತ್ತವೆ, ಇನ್ನೊಂದರಲ್ಲಿ ಪರಸ್ಪರ ಅಳಿಸಿಹೋಗುತ್ತವೆ.

ಕಾಂತಕ್ಷೇತ್ರ ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸಬಲ್ಲದೆಂದು ಮೈಕೇಲ್ ಫ್ಯಾರಡೆ 1845ರಲ್ಲಿ ಕಂಡುಕೊಂಡ. ಅಮೆರಿಕದ ಬೆಲ್ ಪ್ರಯೋಗಾಲಯದ ಹೋಗನ್ 1952ರಲ್ಲಿ ಫೆರೈಟ್ ಬಳಸಿ ಅದೇ ತತ್ತ್ವವನ್ನು ಸೂಕ್ಷ್ಮತರಂಗಗಳಿಗೆ ಅನ್ವಯಿಸಿ ತೋರಿಸಿದ. ಬೆಂಗಳೂರಿನ ಬಿಇಎಲ್‌ನಂಥ ಕಾರ್ಖಾನೆಗಳಲ್ಲಿ ತಯಾರಾಗುವ ರಾಡಾರುಗಳ ತಂತ್ರಜ್ಞಾನದಲ್ಲಿ ಸರ್ಕ್ಯುಲೇಟರಿಗೆ ಮುಖ್ಯ ಸ್ಥಾನವಿದೆ. ಅಲ್ಲಿ ಮೂರನೆಯ ಬಾಗಿಲಿಗೆ ಗ್ರಾಹಕ ಯಂತ್ರವನ್ನು ಜೋಡಿಸಿದರೆ, ಒಂದೇ ಆಂಟೆನಾ ಅಲೆಯನ್ನು ಕಳುಹಿಸಿ ಅದರ ಪ್ರತಿಧ್ವನಿಯನ್ನೂ ಬರಮಾಡಿಕೊಳ್ಳಬಲ್ಲದು.

ಮನೆಯ ಮೈಕ್ರೋವೇವ್ ಒಲೆಯಲ್ಲಿ ಸಾಮಾನ್ಯವಾಗಿ ಇಂಥ ಕೋಡಿ ಇರುವುದಿಲ್ಲ. ಒಳಗೆ ಆಹಾರವಿಲ್ಲದಿದ್ದರೆ ಅಲೆಯನ್ನು ಹೀರುವವರಿಲ್ಲ. ಅದು ಹುಟ್ಟಿದ ಮ್ಯಾಗ್ನೆಟ್ರಾನಿಗೇ ಮರಳಿ ಅದನ್ನು ಕೆಡಿಸುತ್ತದೆ. ಖಾಲಿ ಒಲೆಯನ್ನು ಚಾಲೂ ಮಾಡಬಾರದೆಂದು ಮಕ್ಕಳಿಗೆ ಹೇಳುವಾಗ ಈ ಕಾರಣವನ್ನೂ ಹೇಳಿ.