ಅಂಗಳದಲ್ಲಿ ದೋಣಿ, ನೀರೆಲ್ಲಿ?

ಬೆಂಗಳೂರಿನ ಪೂರ್ವಕ್ಕೆ, ವೈಟ್‌ಫೀಲ್ಡ್ ಕಡೆಗೆ ಹೋಗುವ ದಾರಿಯಲ್ಲಿ ಬ್ರೂಕ್‌ಫೀಲ್ಡ್ ಎಂಬ ಬಡಾವಣೆ ಇದೆ. ಇಂಗ್ಲಿಷಿನಲ್ಲಿ ‘ಬ್ರೂಕ್’ ಎಂದರೆ ತೊರೆ. ಹೆಸರಿನಲ್ಲೇನೋ ತೊರೆ ಹರಿಯುತ್ತಿದೆ. ಬೇಸಿಗೆ ಬಂತೆಂದರೆ ಇಲ್ಲಿನ ಎಷ್ಟೋ ಮನೆಗಳಿಗೆ ನೀರು ಬರುವುದು ಟ್ಯಾಂಕರಿನಲ್ಲಿ. ಇಂಥ ಊರಿನಲ್ಲಿ, ಕಾರು ನಿಲ್ಲಿಸಲೂ ಜಾಗವಿಲ್ಲದ ಒಂದು ರಸ್ತೆಯ ಮನೆಯ ಅಂಗಳದಲ್ಲಿ ಆರು ವರ್ಷ ಕಾಲ ಒಂದು ದೋಣಿ ನಿಂತಿತ್ತು. ಅದು ನನ್ನ ಭಾವನವರದು.

ಭಾವ ಹುಟ್ಟಿದ್ದು ಹೊಳೆ ದಂಡೆಯ ಊರಿನಲ್ಲಿ. ದೋಣಿಯಲ್ಲಿ ಹೊಳೆ ದಾಟಿ ಶಾಲೆಗೆ ಹೋದವರು. ಮುಂದೆ ಎಂಜಿನಿಯರ್ ಆಗಿ, ನಗರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದಾಗ ಅವರಿಗೆ ಬಂದ ಮೊದಲ ಆಸೆ ಸ್ವಂತದ್ದೊಂದು ದೋಣಿ. 2019ರಲ್ಲಿ ಕರಾವಳಿಯಿಂದ ಹಳೆಯದೊಂದು 14 ಅಡಿಯ ಫೈಬರ್ ದೋಣಿಯನ್ನೂ 15 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನನ್ನೂ ಕೊಂಡು, ಟ್ರೈಲರಿನ ಮೇಲೆ ಹೇರಿಕೊಂಡು ತಂದೇಬಿಟ್ಟರು. ಬೀದಿಯ ಮಕ್ಕಳೆಲ್ಲ ಸೇರಿದರು. ಅಕ್ಕ ಆರತಿ ಎತ್ತಿದಳು. “ಇದನ್ನು ಎಲ್ಲಿ ಬಿಡ್ತೀರಿ ಭಾವ?” ಎಂದು ನಾನು ಕೇಳಿದೆ. “ಬಿಡೋಣ ಇರು ಮೇಷ್ಟ್ರೇ, ಮೊದಲು ಮನೆಗೆ ಬರಲಿ” ಎಂದರು. ಆ ಪ್ರಶ್ನೆಗೆ ಉತ್ತರ ಸಿಕ್ಕಲು ಆರು ವರ್ಷ ಹಿಡಿಯಿತು.

ನಿಂತ ದೋಣಿಗೆ ನೂರು ರೋಗ

ದೋಣಿ ಓಡಿಸಿದರೆ ಸವೆಯುತ್ತದೆ, ನಿಲ್ಲಿಸಿದರೆ ಉಳಿಯುತ್ತದೆ ಎಂದು ನಾವೆಲ್ಲ ಭಾವಿಸಿದ್ದೆವು. ವಾಸ್ತವ ಇದಕ್ಕೆ ತದ್ವಿರುದ್ಧ. ನೀರಿನಲ್ಲಿರುವ ದೋಣಿಯ ಕೆಲಸ ನೀರನ್ನು ಹೊರಗಿಡುವುದು; ಅಂಗಳದಲ್ಲಿ ನಿಂತ ದೋಣಿ ಮಾಡುವ ಕೆಲಸ ನೀರನ್ನು ಒಳಗೆ ಹಿಡಿದಿಡುವುದು. ಮೇಲ್ಮುಖವಾಗಿ ಇಟ್ಟ ದೋಣಿ ಒಂದು ದೊಡ್ಡ ಬೋಗುಣಿಯಲ್ಲದೆ ಬೇರೇನೂ ಅಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಭಾವನವರ ದೋಣಿಯ ಬಾಯಿಯ ವಿಸ್ತೀರ್ಣ ಸುಮಾರು 5 ಚದರ ಮೀಟರ್. ಒಂದು ರಾತ್ರಿ 5 ಸೆಂಟಿಮೀಟರ್ ಮಳೆ ಸುರಿದರೆ ಅದರೊಳಗೆ ಬೀಳುವ ನೀರು 250 ಲೀಟರ್, ಅಂದರೆ 250 ಕಿಲೋಗ್ರಾಂ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಒಂದು ಮೀಟರ್. ಹೀಗಾಗಿ ವರ್ಷವೊಂದರಲ್ಲಿ ಈ ಪುಟ್ಟ ದೋಣಿಯ ಪಾಲಿಗೆ ಬರುವ ನೀರು 5 ಟನ್! ಟಾರ್ಪಾಲು ಹೊದಿಸಿದರೆ ಅದರ ಮೇಲೆ ನೀರು ಹೊಟ್ಟೆಯಂತೆ ಜೋತುಬಿದ್ದು ಹಗ್ಗ ಕಿತ್ತುಬರುತ್ತದೆ. ತಳದ ಬಿರಡೆ ತೆಗೆದಿಟ್ಟರೆ ನೀರೇನೋ ಇಳಿದುಹೋಗುತ್ತದೆ, ಆದರೆ ಪಕ್ಕದ ಹೊಂಗೆಮರದ ನಾಲ್ಕು ಎಲೆ ಬಿದ್ದು ತೂತು ಕಟ್ಟಿಕೊಳ್ಳಲು ಒಂದೇ ವಾರ ಸಾಕು.

ಕಟ್ಟಿಕೊಂಡಿತು ಕೂಡ. ಡೆಂಗೆ ಜ್ವರದ ಕಾಲದಲ್ಲಿ ಮನೆ ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ಟಾರ್ಪಾಲು ಎತ್ತಿ ನೋಡಿದರೆ, ಒಳಗೆ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಈಡಿಸ್ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಎಂಟು ಹತ್ತು ದಿನ ಸಾಕು. ಅಂದಿನಿಂದ ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ದೋಣಿಯ ಕಡೆಗೇ ಬೆರಳು. ವಾರಕ್ಕೊಮ್ಮೆ ಟಾರ್ಪಾಲು ಬಿಚ್ಚಿ, ಒರೆಸಿ, ಮತ್ತೆ ಕಟ್ಟುವುದು ಅಕ್ಕನ ಕೆಲಸದ ಪಟ್ಟಿಗೆ ಸೇರಿತು.

ಫೈಬರ್ ಎಂದರೆ ಕೊಳೆಯುವುದಿಲ್ಲ ಎಂಬ ನಂಬಿಕೆಯೂ ಅರ್ಧ ಸತ್ಯವಷ್ಟೆ. ಗಾಜಿನ ನಾರು ಮತ್ತು ರಾಳದ ಪದರಗಳ ಮೇಲೆ ಹೊಳಪಿನ ಒಂದು ಲೇಪ ಇರುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಆ ಲೇಪವನ್ನು ಸುಟ್ಟು ಸುಣ್ಣದ ಪುಡಿಯಂತೆ ಮಾಡುತ್ತವೆ. ಕೈಯಾಡಿಸಿದರೆ ಅಂಗೈ ಬಿಳಿ. ಲೇಪದ ಮೂಲಕ ನಿಧಾನವಾಗಿ ಒಳಸೇರಿದ ತೇವ ರಾಳದಲ್ಲಿನ ರಾಸಾಯನಿಕಗಳೊಂದಿಗೆ ಬೆರೆತು, ಇನ್ನಷ್ಟು ನೀರನ್ನು ಒಳಕ್ಕೆ ಎಳೆದುಕೊಂಡು ಗುಳ್ಳೆ ಏಳಿಸುತ್ತದೆ. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಊದಿಕೊಳ್ಳುತ್ತದಲ್ಲ, ಹೈಸ್ಕೂಲಿನಲ್ಲಿ ನಾವು ಕಲಿಸುವ ಆ ಅಭಿಸರಣವೇ ಇದು.

ಎಂಜಿನ್ ಎಂಬ ಮುನಿಸಿನ ಅಳಿಯ

ದೋಣಿಗಿಂತ ಎಂಜಿನ್ನಿನ ಉಪಚಾರ ಹೆಚ್ಚು. ಔಟ್‌ಬೋರ್ಡ್ ಎಂಜಿನ್ ತಣ್ಣಗಾಗುವುದು ತಾನು ಮುಳುಗಿರುವ ನೀರಿನಿಂದಲೇ. ಒಳಗೊಂದು ರಬ್ಬರಿನ ಇಂಪೆಲ್ಲರ್, ಅಂದರೆ ಪಂಪಿನ ಚಕ್ರ, ನೀರನ್ನು ಮೇಲಕ್ಕೆ ಎಳೆದು ಎಂಜಿನ್ನಿನ ಸುತ್ತ ಹರಿಸುತ್ತದೆ. ನೀರಿಲ್ಲದೆ ಒಂದೆರಡು ನಿಮಿಷ ತಿರುಗಿದರೂ ಆ ಚಕ್ರ ಕಾದು ಹರಿದುಹೋಗುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದರೆ ರೆಕ್ಕೆಗಳು ಬಾಗಿದ ಭಂಗಿಯಲ್ಲೇ ಸೆಟೆದು ನಿಲ್ಲುತ್ತವೆ. ಆದ್ದರಿಂದ ಆಗಾಗ ಎಂಜಿನನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಬಿಟ್ಟು ಓಡಿಸಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5 ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ್ದು ನಿಮಗೆ ನೆನಪಿರಬಹುದು. ಆಗ ಬೀದಿಯವರೆಲ್ಲ ಬಿಂದಿಗೆ ಲೆಕ್ಕದಲ್ಲಿ ನೀರು ಹಿಡಿಯುತ್ತಿದ್ದರು. ಡ್ರಮ್ ತುಂಬಿಸಿ ಎಂಜಿನ್ ಓಡಿಸುವ ಧೈರ್ಯ ಭಾವನವರಿಗೂ ಬರಲಿಲ್ಲ.

ಪೆಟ್ರೋಲಿನದು ಇನ್ನೊಂದು ಕಥೆ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇದೆ. ಎಥನಾಲಿಗೆ ಗಾಳಿಯ ತೇವ ಹೀರುವ ಗುಣ. ದಿನಾ ಓಡುವ ಸ್ಕೂಟರಿಗೆ ಇದರಿಂದ ತೊಂದರೆಯಿಲ್ಲ; ಟ್ಯಾಂಕು ಖಾಲಿಯಾಗುತ್ತಲೇ ಇರುತ್ತದೆ. ಆರು ತಿಂಗಳು ನಿಂತ ದೋಣಿಯ ಟ್ಯಾಂಕಿನಲ್ಲಿ ಮಾತ್ರ ನೀರು ಮತ್ತು ಎಥನಾಲ್ ಬೇರೆಯಾಗಿ ತಳಕ್ಕಿಳಿಯಬಹುದು. ಎಂಜಿನ್ ಮೊದಲು ಹೀರುವುದು ಆ ತಳದ್ದನ್ನೇ. ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳಲ್ಲಿ ಹಳೆಯ ಪೆಟ್ರೋಲು ಗೋಂದಿನಂತೆ ಗಟ್ಟಿಯಾಗುವುದು ಬೇರೆ.

ಎಂಜಿನ್ನಿನ ಅಡಿಯಲ್ಲಿ ಬೆಲ್ಲದಚ್ಚಿನಂಥ ಒಂದು ಲೋಹದ ತುಂಡು ಇರುತ್ತದೆ. ಬೇರೆ ಲೋಹಗಳಿಗೆ ಬದಲಾಗಿ ತಾನು ಕರಗುವುದೇ ಅದರ ಕೆಲಸ. ಈ ಉಪಾಯ ಹೊಳೆದದ್ದು ಹಂಫ್ರಿ ಡೇವಿಗೆ, 1824ರಲ್ಲಿ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊಡೆದ ತಾಮ್ರದ ತಗಡು ಸಮುದ್ರದ ಉಪ್ಪಿಗೆ ಸವೆಯುತ್ತಿತ್ತು. ಡೇವಿ ಅದಕ್ಕೆ ಸತು, ಕಬ್ಬಿಣಗಳ ತುಂಡು ಜೋಡಿಸಿದ. ತಾಮ್ರವೇನೋ ಉಳಿಯಿತು. ಆದರೆ ಕರಗುವ ತಾಮ್ರದ ವಿಷಕ್ಕೆ ಹೆದರಿ ದೂರವಿದ್ದ ಚಿಪ್ಪುಜೀವಿಗಳು ಈಗ ಬಂದು ತಳಕ್ಕೆ ಅಂಟಿಕೊಂಡು, ಹಡಗಿನ ವೇಗವೇ ಕುಗ್ಗಿತು! ದೋಣಿಯ ವಿಷಯದಲ್ಲಿ ಒಂದು ಕಷ್ಟ ತೀರಿಸಿದರೆ ಇನ್ನೊಂದು ಹಾಜರು ಎಂಬುದು ಇನ್ನೂರು ವರ್ಷಗಳಷ್ಟು ಹಳೆಯ ಅನುಭವ. ಸಮುದ್ರದ ಉಪ್ಪುನೀರಿಗೆ ಸತು ಒಳ್ಳೆಯದು, ಸಿಹಿನೀರಿಗೆ ಮೆಗ್ನೀಸಿಯಂ. ಕರಾವಳಿಯಿಂದ ಬಂದ ಭಾವನವರ ಎಂಜಿನ್ನಿನಲ್ಲಿದ್ದದ್ದು ಸತು. ಅದನ್ನೂ ಬದಲಿಸಬೇಕಾಯಿತು.

ಇದರ ಜೊತೆಗೆ ಕಾಗದ ಪತ್ರ. 1917ರ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ಯಂತ್ರಚಾಲಿತ ದೋಣಿಗಳಿಗೆ ತಪಾಸಣೆ, ನೋಂದಣಿಗಳ ನಿಯಮಗಳಿವೆ. ರಸ್ತೆಯಲ್ಲಿ ಎಳೆಯುವ ಟ್ರೈಲರಿಗೆ ಸಾರಿಗೆ ಇಲಾಖೆಯ ನೋಂದಣಿ ಪ್ರತ್ಯೇಕ. ಇಳಿಸುವ ನೀರು ಯಾರ ಸುಪರ್ದಿನಲ್ಲಿದೆಯೋ ಅವರ ಅನುಮತಿ ಮತ್ತೂ ಪ್ರತ್ಯೇಕ. ಎರಡೇ ವರ್ಷದಲ್ಲಿ ಖರ್ಚು ದೋಣಿಯ ಬೆಲೆಯ ಅರ್ಧ ದಾಟಿತ್ತು. “ಆನೆ ಸಾಕಿದ್ದರೆ ಹಬ್ಬಕ್ಕಾದರೂ ಬಾಡಿಗೆಗೆ ಹೋಗುತ್ತಿತ್ತು” ಎಂದಳು ಅಕ್ಕ.

ನೀರು ಮನೆಬಾಗಿಲಿಗೆ ಬಂದಾಗ

2022ರ ಸೆಪ್ಟೆಂಬರಿನ ಮೊದಲ ವಾರ. ಬೆಂಗಳೂರಿನ ಪೂರ್ವ ಭಾಗದಲ್ಲಿ ಕೆರೆಗಳು ಕೋಡಿ ಬಿದ್ದು ಬಡಾವಣೆಗಳೇ ಮುಳುಗಿದವು. ಟ್ರ್ಯಾಕ್ಟರುಗಳಲ್ಲಿ, ರಬ್ಬರ್ ದೋಣಿಗಳಲ್ಲಿ ಜನರನ್ನು ಸಾಗಿಸುವ ದೃಶ್ಯಗಳನ್ನು ದೇಶವೇ ನೋಡಿತು. ಇಷ್ಟು ದಿನ ನಕ್ಕಿದ್ದ ನೆರೆಹೊರೆಯವರು ಭಾವನವರ ಗೇಟಿನ ಮುಂದೆ ನಿಂತು, “ಸಾರ್, ನಿಮ್ಮ ಬೋಟು?” ಎಂದು ಕೇಳಿದರು. ಭಾವ ಉತ್ಸಾಹದಿಂದ ಟಾರ್ಪಾಲು ಎಳೆದರು. ಟ್ರೈಲರಿನ ಎರಡೂ ಟಯರು ನೆಲಕ್ಕೆ ಅಂಟಿದ್ದವು. ಗ್ರೀಸು ಒಣಗಿ ಬೇರಿಂಗು ಹಿಡಿದುಕೊಂಡಿತ್ತು. ಆರು ಜನ ತಳ್ಳಿದರೂ ಅಲುಗಲಿಲ್ಲ. ಹಾಗೆ ನೋಡಿದರೆ ಮೊಣಕಾಲುದ್ದದ ನೀರಿನಲ್ಲಿ ಆ ದೋಣಿ ಪ್ರಯೋಜನಕ್ಕೂ ಬರುತ್ತಿರಲಿಲ್ಲ. ಎಂಜಿನ್ನಿನ ಪಂಕ ಡಾಂಬರಿಗೆ ತಾಗುತ್ತಿತ್ತು. ಆದರೂ ಅಂದು ಅವರ ಮುಖ ನೋಡಲಾಗಲಿಲ್ಲ.

ಆ ಅವಮಾನದಿಂದಲೇ ಅವರು ಹಟಕ್ಕೆ ಬಿದ್ದದ್ದು. ಮೂರು ತಿಂಗಳು ರಿಪೇರಿ ಮಾಡಿಸಿ, ಕಚೇರಿಗಳನ್ನು ಸುತ್ತಿ ಅನುಮತಿ ಪಡೆದು, 2023ರ ಸಂಕ್ರಾಂತಿ ರಜೆಯಲ್ಲಿ ಮಲೆನಾಡಿನ ಒಂದು ಹಿನ್ನೀರಿಗೆ ದೋಣಿ ಒಯ್ದರು. ಭಾವ, ನಾನು, ಅವರ ಇಬ್ಬರು ಮೊಮ್ಮಕ್ಕಳು. ಬೆಳಗಿನ ನೀರು ಕನ್ನಡಿಯಂತಿತ್ತು. ಭಾವ ಹುಡುಗನಂತಾಗಿದ್ದರು. ಇಷ್ಟು ಖರ್ಚು ಯಾಕೆ ಮಾಡಿದರು ಎಂಬುದು ಆ ಅರ್ಧ ಗಂಟೆಯಲ್ಲಿ ನನಗೆ ಅರ್ಥವಾಯಿತು.

ಸಂಜೆ ಮತ್ತೆ ಹೊರಟೆವು. ದಡದಿಂದ ಅರ್ಧ ಕಿಲೋಮೀಟರು ಹೋಗಿರಬಹುದು, ಎಂಜಿನ್ ಕೂಗಿಕೊಂಡು ನಿಂತಿತು. ಮುಟ್ಟಿದರೆ ಕೈ ಸುಡುವ ಬಿಸಿ. ಎಲ್ಲವನ್ನೂ ರಿಪೇರಿ ಮಾಡಿಸಿದ್ದ ಭಾವ, ಕೆಲವೇ ನೂರು ರೂಪಾಯಿಯ ರಬ್ಬರ್ ಚಕ್ರವನ್ನು ಬದಲಿಸಿರಲಿಲ್ಲ. ಅದರ ರೆಕ್ಕೆಗಳು ಮುರಿದು ನೀರು ಮೇಲೇರುವುದು ನಿಂತುಹೋಗಿತ್ತು. ಅಷ್ಟರಲ್ಲಿ ಗಾಳಿ ಎದ್ದಿತು. ಹಿನ್ನೀರುಗಳಲ್ಲಿ ಮುಳುಗಿದ ಕಾಡಿನ ಒಣ ಬೊಡ್ಡೆಗಳು ಈಟಿಯಂತೆ ನಿಂತಿರುತ್ತವೆ. ಗಾಳಿ ನಮ್ಮನ್ನು ಅತ್ತಲೇ ತಳ್ಳುತ್ತಿತ್ತು. ಹುಟ್ಟು ಇದ್ದದ್ದು ಒಂದೇ. ಇನ್ನೊಂದು ಬ್ರೂಕ್‌ಫೀಲ್ಡಿನ ಅಂಗಳದಲ್ಲೇ ಉಳಿದಿತ್ತು. ಒಂದು ಹುಟ್ಟು ಹಾಕಿದರೆ ದೋಣಿ ಮುಂದೆ ಹೋಗದೆ ಗಾಣದಂತೆ ಸುತ್ತುತ್ತಿತ್ತು. ಚಿಕ್ಕವಳು ಅಳತೊಡಗಿದಳು.

ನನ್ನ ತಲೆಯಲ್ಲಿ ಸುಳಿದದ್ದು ಕಾರವಾರ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಮರಳುತ್ತಿದ್ದವರ ದೋಣಿ ಮಗುಚಿ 16 ಜನ ಸತ್ತಿದ್ದರು. ನಮ್ಮ ಪುಣ್ಯ, ಅಕ್ಕ ಹಟ ಹಿಡಿದು ಮಕ್ಕಳಿಗೂ ನಮಗೂ ಜೀವರಕ್ಷಕ ಜಾಕೆಟ್ ತೊಡಿಸಿಯೇ ಕಳಿಸಿದ್ದಳು. ಮುಕ್ಕಾಲು ಗಂಟೆಯ ಮೇಲೆ ಅಂಬಿಗನೊಬ್ಬ ತನ್ನ ಮರದ ದೋಣಿಯಲ್ಲಿ ಬಂದು ಹಗ್ಗ ಎಸೆದ. ದಡಕ್ಕೆಳೆದು, ನಮ್ಮ ಎಂಜಿನನ್ನೊಮ್ಮೆ ನೋಡಿ, “ದಿನಾ ಇಳಿಸ್ತೀರಾ ಸ್ವಾಮಿ ಇದನ್ನ?” ಎಂದಷ್ಟೇ ಕೇಳಿದ.

ಅಂಬಿಗನ ಲೆಕ್ಕ

ಮರುದಿನ ಅವನ ದೋಣಿಯನ್ನು ನೋಡಿದೆವು. ಹೊಸ ವಸ್ತು ಅದರಲ್ಲೇನೂ ಇರಲಿಲ್ಲ. ಹಲಗೆಗಳ ಸಂದಿಗೆ ಹತ್ತಿ ತುರುಕಿ, ರಾಳ ಮೆತ್ತಿ, ಬೇಸಿಗೆಯಲ್ಲಿ ಬೋರಲು ಹಾಕಿ ಗೇರುಬೀಜದ ಸಿಪ್ಪೆಯೆಣ್ಣೆ ಬಳಿಯುತ್ತಾನೆ. ಆ ಎಣ್ಣೆ ಚರ್ಮ ಸುಡುವಷ್ಟು ಉಗ್ರ. ಹುಳುವೂ ಹತ್ತಿರ ಸುಳಿಯುವುದಿಲ್ಲ. ಕೆಲವು ವಾರ ಒಣಗಿದ ದೋಣಿಯನ್ನು ಮೊದಲು ಒಂದು ದಿನ ನೀರಿನಲ್ಲಿ ಮುಳುಗಿಸಿಡುತ್ತಾನೆ. ಮರ ಉಬ್ಬಿ ಸಂದಿಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಕರಾವಳಿಯ ಮೀನುಗಾರರ ಕ್ರಮವೂ ಇದೇ ಬಗೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಎರಡು ತಿಂಗಳಲ್ಲಿ ದೋಣಿ, ಬಲೆ, ಎಂಜಿನ್ ಎಲ್ಲದರ ದುರಸ್ತಿ. ಇನ್ನು ಹಂಪಿಯ ಹರಿಗೋಲು; 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂಥ ಈ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಆಗ ಹೊದಿಕೆ ಚರ್ಮದ್ದು, ಈಗ ಟಾರು ಬಳಿದ ಪ್ಲಾಸ್ಟಿಕ್ ಹಾಳೆ. ಹರಿದರೆ ಅಲ್ಲೇ ತೇಪೆ.

ಇವರಿಗೆಲ್ಲ ದೋಣಿಯ ಪೋಷಣೆ ಹೊರೆಯೆನಿಸದಿರಲು ಕಾರಣ ಸರಳ. ನೀರು ಮನೆಯ ಮುಂದಿದೆ, ದೋಣಿ ದಿನಾ ಇಳಿಯುತ್ತದೆ, ತೊಂದರೆ ಅಂದಂದೇ ಕಣ್ಣಿಗೆ ಬೀಳುತ್ತದೆ. ಭಾವನವರ ದೋಣಿಯಿಂದ ನೀರಿಗೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು.

ಹತ್ತಿರದ ನೀರು

ಹಾಗಾದರೆ ಹತ್ತಿರ ನೀರೇ ಇಲ್ಲವೇ? ಇದೆ. ಬ್ರೂಕ್‌ಫೀಲ್ಡಿನ ಪಕ್ಕದಲ್ಲೇ ಕುಂದಲಹಳ್ಳಿ ಕೆರೆ. ಆಚೆಗೆ ವರ್ತೂರು, ಬೆಳ್ಳಂದೂರು ಎಂಬ ಎರಡು ವಿಶಾಲ ಕೆರೆಗಳು. ಆದರೆ ಬೆಳ್ಳಂದೂರು ಕೆರೆಯ ನೊರೆಗೆ 2015ರ ಮೇ ತಿಂಗಳಲ್ಲಿ ಬೆಂಕಿ ಹತ್ತಿತು, 2017ರ ಫೆಬ್ರುವರಿಯಲ್ಲಿ ಕೆರೆಯಂಗಳವೇ ಹೊಗೆಯಾಡಿತು. ನಮ್ಮ ಬಚ್ಚಲಿನ ಸೋಪುಪುಡಿ ಚರಂಡಿಯಲ್ಲಿ ಹರಿದು ಕೆರೆ ಸೇರಿ, ಕೋಡಿಯಲ್ಲಿ ಧುಮುಕುವಾಗ ಕಡೆದ ಮಜ್ಜಿಗೆಯಂತೆ ನೊರೆಯೇಳುತ್ತದೆ. ಕೊಳಚೆಯ ಗೊಬ್ಬರಾಂಶ ತಿಂದು ಅಂತರಗಂಗೆ ಕಳೆ ಎರಡು ವಾರದಲ್ಲಿ ದುಪ್ಪಟ್ಟಾಗುತ್ತದೆ. ಯಾವ ಎಂಜಿನ್ನಿನ ಪಂಕವೂ ಅದರೊಳಗೆ ತಿರುಗಲಾರದು. ನಗರದ ನಡುವಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಯೋಧರು ದೋಣಿ ನಡೆಸುವ ಅಭ್ಯಾಸ ಮಾಡುತ್ತಾರೆ. 1985ರಿಂದ 87ರವರೆಗೆ ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿದವರು ಸೇನೆಯ ಎಂಜಿನಿಯರ್ ದಳದವರೇ. ಆ ಹಲಸೂರು ಕೆರೆಯಲ್ಲೂ 2016ರ ಮಾರ್ಚಿನಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದವು.

ದೋಣಿಗೆ ಬಣ್ಣ ಬಳಿಯುವುದಕ್ಕಿಂತ ಮೊದಲು ಆಗಬೇಕಾದ ದುರಸ್ತಿ ಇದು. ಕೆರೆ ಕೆರೆಯಾಗಿ ಉಳಿದಿದ್ದರೆ ಭಾವನವರಿಗೆ ಟ್ರೈಲರ್ ಬೇಡವಾಗಿತ್ತು, ಎಂಜಿನ್ನೂ ಬೇಡವಾಗಿತ್ತು. ಒಂದು ಸಣ್ಣ ತೆಪ್ಪ, ಎರಡು ಹುಟ್ಟು ಸಾಕಿತ್ತು.

2025ರ ಬೇಸಿಗೆಯಲ್ಲಿ ಭಾವ ಎಂಜಿನ್ ಮಾರಿದರು. ದೋಣಿಯನ್ನು ಮಾತ್ರ ಮಾರದೆ ಆ ಅಂಬಿಗನಿಗೇ ಕೊಟ್ಟು ಬಂದರು. ಅವನು ಅದಕ್ಕೆ ಮರದ ಎರಡು ಹುಟ್ಟು ಕಟ್ಟಿಕೊಂಡು, ಆಚೆ ದಡದ ಮಕ್ಕಳನ್ನು ಶಾಲೆಗೆ ದಾಟಿಸುತ್ತಾನೆ. ಮಕ್ಕಳಿಗೆಲ್ಲ ಜಾಕೆಟ್ ಭಾವನವರ ಲೆಕ್ಕದಲ್ಲಿ. ಖಾಲಿ ಟ್ರೈಲರ್ ಮೇಲೆ ಅಕ್ಕ ಈಗ ಮಣ್ಣು ತುಂಬಿ ದಂಟಿನ ಸೊಪ್ಪು ಬೆಳೆಯುತ್ತಾಳೆ. ಮೊನ್ನೆ ಹೋದಾಗ ಭಾವ ಬೆಳಗಿನ ವಾಯುವಿಹಾರ ಮುಗಿಸಿ ಕುಂದಲಹಳ್ಳಿ ಕೆರೆಯ ಕಡೆಯಿಂದ ಬರುತ್ತಿದ್ದರು. “ದೋಣಿ ತಗೋಬೇಕು ಅಂತ ಒಬ್ಬರು ನನ್ನ ಸಲಹೆ ಕೇಳಿದರು ಮೇಷ್ಟ್ರೇ” ಎಂದರು. ಏನು ಹೇಳಿದಿರಿ ಎಂದು ಕೇಳಿದೆ.

“ಮೊದಲು ನೀರು ನೋಡಿಕೊಂಡು ಬನ್ನಿ ಅಂದೆ.”