ಬ್ಯೂಟಿ ಪಾರ್ಲರ್ ಸಹಾಯಕಿಯಾಗಲು ಕಲಿಯಬೇಕಾದುದೇನು?

ಒಂದು ಕಾಲದಲ್ಲಿ ಮಹಾನಗರಗಳಿಗಷ್ಟೇ ಸೀಮಿತವಾಗಿದ್ದ ಬ್ಯೂಟಿ ಪಾರ್ಲರ್‌ಗಳು ಇಂದು ತಾಲ್ಲೂಕು ಕೇಂದ್ರಗಳನ್ನು ದಾಟಿ ಹೋಬಳಿ ಮಟ್ಟದ ಊರುಗಳನ್ನೂ ತಲುಪಿವೆ. ಹೆಚ್ಚು ಓದಲು ಅವಕಾಶವಾಗದ ಹೆಣ್ಣುಮಕ್ಕಳಿಗೆ, ಮದುವೆಯ ನಂತರ ಸ್ವಂತ ದುಡಿಮೆಯ ದಾರಿ ಹುಡುಕುವ ಗೃಹಿಣಿಯರಿಗೆ ಈ ಕಸುಬು ಆಸರೆಯಾಗಿರುವುದು ನಿಜ. ಆದರೆ ಈ ಕ್ಷೇತ್ರಕ್ಕೆ ಕಾಲಿಡುವ ಬಹುತೇಕರು ಮೊದಲು ಕೇಳುವ ಪ್ರಶ್ನೆ ‘ಮೇಕಪ್ ಎಷ್ಟು ದಿನದಲ್ಲಿ ಕಲಿಸುತ್ತೀರಿ?’ ಎಂಬುದು. ವಾಸ್ತವದಲ್ಲಿ ವಧುವಿನ ಅಲಂಕಾರ ಈ ಕಸುಬಿನ ಕೊನೆಯ ಮೆಟ್ಟಿಲು. ಮೊದಲ ಮೆಟ್ಟಿಲಿನಲ್ಲಿರುವುದು ಕೈ ತೊಳೆಯುವುದು, ಟವೆಲ್ ಮಡಚುವುದು, ಉಪಕರಣ ಶುಚಿಗೊಳಿಸುವುದು ಮತ್ತು ಎದುರಿಗೆ ಕುಳಿತವರ ಚರ್ಮವನ್ನು ಗಮನಿಸುವುದು.

ಇವು ಕ್ಷುಲ್ಲಕವೆಂದು ತೋರಬಹುದು. ಆದರೆ ಪಾರ್ಲರ್‌ಗಳಲ್ಲಿ ಸಂಭವಿಸುವ ಅನಾಹುತಗಳ ಮೂಲ ಹೆಚ್ಚಾಗಿ ಇಲ್ಲಿಯೇ ಇರುತ್ತದೆ.

ಸಹಾಯಕಿಯ ಕೆಲಸವೇನು?

ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನಲ್ಲಿ ‘ಅಸಿಸ್ಟೆಂಟ್ ಬ್ಯೂಟಿ ಥೆರಪಿಸ್ಟ್’ ಎಂಬ ಹುದ್ದೆಯನ್ನು ಪ್ರತ್ಯೇಕವಾಗಿ ಗುರುತಿಸಲಾಗಿದೆ. ಕೆಲಸದ ಸ್ಥಳವನ್ನು ಸಿದ್ಧಪಡಿಸುವುದು, ನೈರ್ಮಲ್ಯ ಕಾಪಾಡುವುದು, ಥ್ರೆಡಿಂಗ್, ವ್ಯಾಕ್ಸಿಂಗ್, ಬ್ಲೀಚ್, ಸಾಮಾನ್ಯ ಫೇಶಿಯಲ್, ಮೆನಿಕ್ಯೂರ್ ಹಾಗೂ ಪೆಡಿಕ್ಯೂರ್ ಇದರ ವ್ಯಾಪ್ತಿಗೆ ಬರುತ್ತವೆ. ಮಾಲೀಕರ ಅಥವಾ ಹಿರಿಯ ಬ್ಯೂಟೀಷಿಯನ್‌ರ ನಿಗಾದಲ್ಲಿ ಈ ಸೇವೆಗಳನ್ನು ನೀಡುವುದು ಸಹಾಯಕಿಯ ಹೊಣೆ. ದೊಡ್ಡ ಸಲೂನ್‌ಗಳಲ್ಲಿ ತಲೆ ತೊಳೆಯುವ, ಬಣ್ಣ ಕಲಸಿಕೊಡುವ ಕೆಲಸವೂ ಸೇರಿಕೊಳ್ಳುತ್ತದೆ.

ಮೊದಲ ಪಾಠ ನೈರ್ಮಲ್ಯ

ಸಾಬೂನು ಮತ್ತು ನೀರಿನಿಂದ ಕೈ ತೊಳೆಯಲು 40ರಿಂದ 60 ಸೆಕೆಂಡುಗಳು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಪ್ರತಿ ಗ್ರಾಹಕರ ಮುನ್ನ ಮತ್ತು ನಂತರ ಇದು ನಡೆಯಬೇಕು.

ಉಪಕರಣಗಳ ವಿಷಯದಲ್ಲಿ ಮೂರು ಹಂತಗಳನ್ನು ಬೇರ್ಪಡಿಸಿ ತಿಳಿಯುವುದು ಅಗತ್ಯ. ಕೂದಲು, ಎಣ್ಣೆ, ಕ್ರೀಮಿನ ಅಂಶವನ್ನು ಸಾಬೂನು ನೀರಿನಿಂದ ತೊಳೆಯುವುದು ಮೊದಲ ಹಂತ. ತೊಳೆದ ಮೇಲೆ ಸೋಂಕುನಿವಾರಕ ದ್ರಾವಣದಲ್ಲಿ ತಯಾರಕರು ಹೇಳಿದಷ್ಟು ಹೊತ್ತು ಮುಳುಗಿಸಿಡುವುದು ಎರಡನೆಯದು. ಚರ್ಮವನ್ನು ಭೇದಿಸುವ ಸಾಧ್ಯತೆಯುಳ್ಳ ಲೋಹದ ಉಪಕರಣಗಳನ್ನು ಆಟೋಕ್ಲೇವ್‌ನಲ್ಲಿ ಒತ್ತಡದ ಹಬೆಗೆ ಒಡ್ಡುವುದು ಮೂರನೆಯದು. ಸಾಮಾನ್ಯವಾಗಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಈ ಕ್ರಿಯೆ ನಡೆಯುತ್ತದೆ. ಜಿಡ್ಡು ಹೋಗದ ಕತ್ತರಿಯನ್ನು ದ್ರಾವಣದಲ್ಲಿ ಅದ್ದಿದರೆ ಪ್ರಯೋಜನವಿಲ್ಲ. ಜಿಡ್ಡಿನ ಪದರದಡಿಯಲ್ಲಿ ರೋಗಾಣುಗಳು ಉಳಿದುಕೊಳ್ಳುತ್ತವೆ.

ಹಲವು ಪಾರ್ಲರ್‌ಗಳಲ್ಲಿ ಕಾಣುವ ನೀಲಿ ಬೆಳಕಿನ ಯುವಿ ಪೆಟ್ಟಿಗೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಆ ಕಿರಣಗಳು ತಾಗಿದ ಮೇಲ್ಮೈಯಲ್ಲಷ್ಟೇ ಕೆಲಸ ಮಾಡುತ್ತವೆ. ನೆರಳಿನಲ್ಲಿ ಉಳಿದ ಭಾಗ ಹಾಗೆಯೇ ಇರುತ್ತದೆ. ಆದ್ದರಿಂದ ಅದು ಶುಚಿಗೊಳಿಸಿದ ಉಪಕರಣಗಳನ್ನು ಇಡುವ ಕಪಾಟೇ ಹೊರತು ಶುಚಿಗೊಳಿಸುವ ಯಂತ್ರವಲ್ಲ.

ಇಷ್ಟೊಂದು ಎಚ್ಚರಿಕೆ ಏಕೆಂದರೆ ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ರಕ್ತದ ಮೂಲಕ ಹರಡುತ್ತವೆ. ಕಣ್ಣಿಗೆ ಕಾಣದಷ್ಟು ರಕ್ತ ಬ್ಲೇಡಿನಲ್ಲಿ ಉಳಿದರೂ ಅಪಾಯ ತಪ್ಪಿದ್ದಲ್ಲ. ಒಬ್ಬರಿಗೆ ಬಳಸಿದ ಬ್ಲೇಡ್ ಮತ್ತೊಬ್ಬರಿಗೆ ಸಲ್ಲದು. ಹೆಪಟೈಟಿಸ್ ಬಿ ತಡೆಗೆ ಲಸಿಕೆ ಲಭ್ಯವಿದ್ದು, ಈ ಕಸುಬಿಗೆ ಬರುವವರು ವೈದ್ಯರ ಸಲಹೆ ಪಡೆದು ಅದನ್ನು ಹಾಕಿಸಿಕೊಳ್ಳುವುದು ಒಳಿತು.

ದಾರ ಹಿಡಿಯುವ ಕಲೆ

ಹುಬ್ಬು ತಿದ್ದುವ ಥ್ರೆಡಿಂಗ್ ಪಾರ್ಲರ್‌ಗಳ ನಿತ್ಯದ ಆದಾಯದ ಮೂಲ. ಹತ್ತಿಯ ದಾರವನ್ನು ತಿರುಚಿ, ಆ ತಿರುಚು ಅತ್ತಿತ್ತ ಸರಿಯುವಂತೆ ಬೆರಳುಗಳನ್ನು ಅಗಲಿಸಿ ಮುಚ್ಚುವುದೇ ಇದರ ಗುಟ್ಟು. ಹೊಸಬರು ಮೊದಲು ತಮ್ಮ ಕಾಲಿನ ಕೂದಲ ಮೇಲೆಯೇ ಅಭ್ಯಾಸ ಮಾಡುತ್ತಾರೆ. ಕೈ ಪಳಗಿದ ನಂತರ ಮೇಲ್ತುಟಿ, ಹಣೆ, ಕೊನೆಯಲ್ಲಿ ಹುಬ್ಬು ಎಂಬ ಕ್ರಮ ಅನುಸರಿಸುವುದು ಕ್ಷೇಮ. ಮೇಲ್ತುಟಿಯಲ್ಲಿ ಒಂದೆರಡು ಕೂದಲು ಉಳಿದರೆ ಮತ್ತೆ ತೆಗೆಯಬಹುದು. ಹುಬ್ಬಿನಲ್ಲಿ ಹೆಚ್ಚಾಗಿ ತೆಗೆದದ್ದು ಮರಳಿ ಬೆಳೆಯಲು ವಾರಗಳೇ ಬೇಕು.

ದಾರದ ಒಂದು ತುದಿಯನ್ನು ಹಲ್ಲಿನಿಂದ ಕಚ್ಚಿ ಹಿಡಿಯುವುದು ಹಳೆಯ ರೂಢಿ. ಅದರ ಬದಲು ದಾರವನ್ನು ಕುತ್ತಿಗೆಗೆ ಬಳಸಿ ಹಿಡಿಯುವ ವಿಧಾನವನ್ನು ಆರಂಭದಲ್ಲಿಯೇ ರೂಢಿಸಿಕೊಂಡರೆ ಎಂಜಲು ತಾಗುವ ಪ್ರಶ್ನೆಯೇ ಇರುವುದಿಲ್ಲ. ಪ್ರತಿಯೊಬ್ಬರಿಗೂ ಹೊಸ ದಾರ ಎಂಬುದು ಮುರಿಯಬಾರದ ನಿಯಮ. ಗ್ರಾಹಕರು ಎರಡೂ ಕೈಗಳಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯುವಂತೆ ಹೇಳದಿದ್ದರೆ ಚರ್ಮ ಕತ್ತರಿಸುವ ಸಂಭವವಿದೆ.

ವ್ಯಾಕ್ಸ್, ಬ್ಲೀಚ್ ಮತ್ತು ಬಣ್ಣ

ವ್ಯಾಕ್ಸಿಂಗ್‌ನಲ್ಲಿ ಕೂದಲು ಬೆಳೆದ ದಿಕ್ಕಿನಲ್ಲಿ ವ್ಯಾಕ್ಸ್ ಸವರಿ, ವಿರುದ್ಧ ದಿಕ್ಕಿನಲ್ಲಿ ಪಟ್ಟಿ ಎಳೆಯಬೇಕು. ಪಟ್ಟಿಯನ್ನು ಮೇಲಕ್ಕೆ ಎತ್ತದೆ ಚರ್ಮಕ್ಕೆ ಸಮಾನಾಂತರವಾಗಿ ಎಳೆದರೆ ನೋವು ಕಡಿಮೆ. ಬಿಸಿಯನ್ನು ಮೊದಲು ಸಹಾಯಕಿ ತನ್ನ ಮಣಿಕಟ್ಟಿನ ಒಳಭಾಗದಲ್ಲಿ ಪರೀಕ್ಷಿಸಿಕೊಳ್ಳಬೇಕು. ಚರ್ಮಕ್ಕೆ ತಾಗಿಸಿದ ಕಡ್ಡಿಯನ್ನು ಮರಳಿ ವ್ಯಾಕ್ಸ್ ಡಬ್ಬಿಗೆ ಅದ್ದಬಾರದು. ಮೊಡವೆಗೆ ರೆಟಿನಾಯ್ಡ್ ಔಷಧಿ ಬಳಸುತ್ತಿರುವವರ ಚರ್ಮ ವ್ಯಾಕ್ಸ್ ಜೊತೆಗೆ ಕಿತ್ತುಬರುವ ಅಪಾಯವಿರುವುದರಿಂದ ಆ ಬಗ್ಗೆ ಮೊದಲೇ ವಿಚಾರಿಸುವುದು ಕಡ್ಡಾಯ.

ಬ್ಲೀಚ್ ಮಾಡುವ ಮುನ್ನ ಸ್ವಲ್ಪ ಮಿಶ್ರಣವನ್ನು ಮೊಣಕೈ ಒಳಭಾಗಕ್ಕೆ ಹಚ್ಚಿ ಉರಿ, ತುರಿಕೆ ಇದೆಯೇ ಎಂದು ನೋಡಬೇಕು. ವ್ಯಾಕ್ಸ್ ಅಥವಾ ಥ್ರೆಡಿಂಗ್ ಆದ ಕೂಡಲೇ ಅದೇ ಜಾಗಕ್ಕೆ ಬ್ಲೀಚ್ ಹಚ್ಚಬಾರದು. ಬೇಗ ಬಿಳುಪಾಗಲೆಂದು ಪೊಡಿಯನ್ನು ಹೆಚ್ಚಾಗಿ ಬೆರೆಸುವುದು ಸುಟ್ಟಗಾಯಕ್ಕೆ ಆಹ್ವಾನ ನೀಡಿದಂತೆ.

ತಲೆಗೂದಲ ಬಣ್ಣಗಳಲ್ಲಿ ಪ್ಯಾರಾಫಿನೈಲಿನ್‌ಡಯಮೀನ್ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಇದು ತೀವ್ರ ಅಲರ್ಜಿ ಉಂಟುಮಾಡುತ್ತದೆ. ಆದ್ದರಿಂದ ಬಣ್ಣ ಹಚ್ಚುವ 48 ಗಂಟೆ ಮೊದಲೇ ಕಿವಿಯ ಹಿಂದೆ ಅಥವಾ ಮೊಣಕೈ ಒಳಗೆ ಪರೀಕ್ಷೆ ನಡೆಸುವುದು ಸರಿಯಾದ ಕ್ರಮ. ‘ಹೋದ ಸಲ ಏನೂ ಆಗಲಿಲ್ಲ, ಹಚ್ಚಿಬಿಡಿ’ ಎಂದು ಗ್ರಾಹಕರು ಒತ್ತಾಯಿಸುವುದುಂಟು. ಆದರೆ ಈ ಅಲರ್ಜಿ ಹಲವು ಬಾರಿ ಬಳಸಿದ ನಂತರವೂ ಕಾಣಿಸಿಕೊಳ್ಳಬಲ್ಲದು. ಕಪ್ಪು ಮೆಹಂದಿ ಎಂದು ಮಾರಾಟವಾಗುವ ಹಲವು ಮಿಶ್ರಣಗಳಲ್ಲಿಯೂ ಇದೇ ರಾಸಾಯನಿಕ ಇರುತ್ತದೆ.

ತಲೆ ತೊಳೆಯುವಾಗಲೂ ಎಚ್ಚರ ಅಗತ್ಯ. ಬೇಸಿನ್ ಅಂಚಿನ ಮೇಲೆ ಕುತ್ತಿಗೆಯನ್ನು ಅತಿಯಾಗಿ ಹಿಂದಕ್ಕೆ ಬಾಗಿಸಿದ್ದರಿಂದ ಪಾರ್ಶ್ವವಾಯು ಉಂಟಾದ ಅಪರೂಪದ ಪ್ರಕರಣಗಳು 1993ರಲ್ಲಿಯೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿವೆ. ಕುತ್ತಿಗೆಯ ಕೆಳಗೆ ಮಡಚಿದ ಟವೆಲ್ ಇಡುವುದು, ತಲೆಸುತ್ತು ಎಂದರೆ ತಕ್ಷಣ ಎಬ್ಬಿಸಿ ಕೂರಿಸುವುದು ಸಹಾಯಕಿಗೆ ತಿಳಿದಿರಬೇಕು. ಅದೇ ರೀತಿ, ಮಧುಮೇಹ ಇರುವವರ ಪಾದಕ್ಕೆ ಪೆಡಿಕ್ಯೂರ್ ಮಾಡುವಾಗ ಬ್ಲೇಡಿನಿಂದ ಹೆರೆಯುವುದು, ಉಗುರಿನ ಮೂಲೆ ಕೆದಕುವುದು ಸಲ್ಲದು. ಅವರ ಪಾದಗಳಲ್ಲಿ ಸ್ಪರ್ಶಜ್ಞಾನ ಕುಗ್ಗಿರಬಹುದು. ಗಾಯವಾದದ್ದೂ ತಿಳಿಯದೆ ಹೋಗಬಹುದು.

ಎಲ್ಲಿ ಕಲಿಯಬಹುದು?

1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ದೇಶದಾದ್ಯಂತ ಬ್ಯಾಂಕುಗಳು ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳನ್ನು (ಆರ್‌ಸೆಟಿ) ನಡೆಸುತ್ತಿವೆ. ಇಲ್ಲಿ ಬ್ಯೂಟಿ ಪಾರ್ಲರ್ ನಿರ್ವಹಣೆ ಕುರಿತು ಸುಮಾರು ಒಂದು ತಿಂಗಳ ತರಬೇತಿ ಇರುತ್ತದೆ. ಊಟ, ವಸತಿ ಸಹಿತ ತರಬೇತಿ ಉಚಿತ. 18 ವರ್ಷ ತುಂಬಿದ ಗ್ರಾಮೀಣ ಯುವತಿಯರು ಅರ್ಜಿ ಸಲ್ಲಿಸಬಹುದು. ತರಬೇತಿಯ ನಂತರ ಬ್ಯಾಂಕ್ ಸಾಲ ಪಡೆಯಲು ಮಾರ್ಗದರ್ಶನವನ್ನೂ ನೀಡಲಾಗುತ್ತದೆ.

ಎಸ್ಸೆಸ್ಸೆಲ್ಸಿ ತೇರ್ಗಡೆಯಾದವರಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳ (ಐಟಿಐ) ಒಂದು ವರ್ಷದ ಕಾಸ್ಮೆಟಾಲಜಿ ಕೋರ್ಸ್ ಇದೆ; ಎಲ್ಲ ಐಟಿಐಗಳಲ್ಲಿ ಇದು ಇರುವುದಿಲ್ಲವಾದ್ದರಿಂದ ವಿಚಾರಿಸಿ ಸೇರಬೇಕು. ಶಾಲೆ ಅರ್ಧಕ್ಕೆ ಬಿಟ್ಟವರಿಗೆ ಜನ ಶಿಕ್ಷಣ ಸಂಸ್ಥಾನಗಳು ಅಲ್ಪ ಶುಲ್ಕದಲ್ಲಿ ತರಬೇತಿ ನೀಡುತ್ತವೆ.

ಪಾರ್ಲರ್‌ನಲ್ಲಿಯೇ ಕೆಲಸ ಮಾಡುತ್ತ ಕಲಿಯುವುದು ಇನ್ನೊಂದು ದಾರಿ. ಇದರಲ್ಲಿ ಗ್ರಾಹಕರೊಡನೆ ಒಡನಾಡುವ ಅನುಭವ ಬೇಗ ದೊರೆಯುತ್ತದೆ. ಆದರೆ ‘ಕಲಿಸುತ್ತೇವೆ’ ಎಂಬ ಹೆಸರಿನಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ಕಸ ಗುಡಿಸಲು, ಟವೆಲ್ ಒಗೆಯಲು ಬಳಸಿಕೊಳ್ಳುವ ಕಡೆಗಳೂ ಇವೆ. ಸೇರುವ ಮುನ್ನ ಈ ಪ್ರಶ್ನೆಗಳನ್ನು ಕೇಳುವುದು ಜಾಣತನ:

* ಎಷ್ಟು ತಿಂಗಳಲ್ಲಿ ಯಾವ ಯಾವ ಸೇವೆ ಕಲಿಸಲಾಗುತ್ತದೆ? ಅದನ್ನು ಬರೆದು ಕೊಡುತ್ತಾರೆಯೇ?
* ಕಲಿಕೆಯ ಅವಧಿಯಲ್ಲಿ ಭತ್ಯೆ ಎಷ್ಟು? ಯಾವ ತಿಂಗಳಿನಿಂದ ಸಂಬಳ?
* ಕೈಗವಸು, ಏಪ್ರನ್ ಯಾರು ಒದಗಿಸುತ್ತಾರೆ?
* ಪ್ರಮಾಣಪತ್ರ ನೀಡುವವರು ಯಾರು? ಅದಕ್ಕೆ ಸರ್ಕಾರದ ಮಾನ್ಯತೆ ಇದೆಯೇ?
* ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲ ಪ್ರತಿಯನ್ನು ಇಟ್ಟುಕೊಳ್ಳುತ್ತಾರೆಯೇ? ಹೌದೆಂದರೆ ಅಲ್ಲಿ ಸೇರದಿರುವುದೇ ಲೇಸು.

ತನ್ನ ಆರೋಗ್ಯವೂ ಮುಖ್ಯ

ದಿನವಿಡೀ ನೀರು, ಶಾಂಪೂ, ಬಣ್ಣಗಳಲ್ಲಿ ಕೈಯಾಡಿಸುವವರಲ್ಲಿ ಕೈ ಬಿರಿಯುವುದು, ತುರಿಕೆ ಸಾಮಾನ್ಯ. ನೈಟ್ರೈಲ್ ಕೈಗವಸು ಧರಿಸುವುದು, ಕೆಲಸ ಮುಗಿದ ಮೇಲೆ ಕೈಗೆ ಎಣ್ಣೆ ಅಥವಾ ಕ್ರೀಂ ಹಚ್ಚುವುದು ಅಗತ್ಯ. ಕೂದಲು ನೇರಗೊಳಿಸುವ ಕೆಲವು ಉತ್ಪನ್ನಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನಿಲವನ್ನು ಹೊರಸೂಸುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ. ಗ್ರಾಹಕರು ಈ ಹೊಗೆಯನ್ನು ವರ್ಷಕ್ಕೊಮ್ಮೆ ಉಸಿರಾಡಿದರೆ ಸಹಾಯಕಿ ವಾರಕ್ಕೆ ಹಲವು ಬಾರಿ ಉಸಿರಾಡುತ್ತಾಳೆ. ಕಿಟಕಿ ತೆರೆದಿಡುವಂತೆ ಕೇಳುವುದು ಆಕೆಯ ಹಕ್ಕು.

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪಾರ್ಲರ್‌ಗಳಿಗೂ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇಲ್ಲದಿದ್ದರೂ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು. ಕಲಿಯಲು ಬಂದವರಿಗೂ ಈ ರಕ್ಷಣೆ ಉಂಟು.

ಪಾರ್ಲರ್‌ಗೆ ಬರುವವರು ಕಣ್ಣು ಮುಚ್ಚಿ ಮುಖವನ್ನು ಇನ್ನೊಬ್ಬರ ಕೈಗೆ ಒಪ್ಪಿಸುತ್ತಾರೆ. ಗಾಯ, ಹುಣ್ಣು, ಸೋಂಕು ಕಂಡಾಗ ‘ಅಕ್ಕ, ಇವತ್ತು ಇದು ಬೇಡ, ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ’ ಎಂದು ಹೇಳಬಲ್ಲ ಸಹಾಯಕಿಯಿಂದ ಆ ದಿನದ ಒಂದು ಬಿಲ್ ತಪ್ಪಬಹುದು. ಆದರೆ ಮುಂದಿನ ಸಲ ಆ ಗ್ರಾಹಕರು ಹೆಸರು ಹಿಡಿದು ಕೇಳಿಕೊಂಡು ಬರುವುದು ಆಕೆಯನ್ನೇ.